ಜಗನ್ಮೋಹನಕ್ಕೊಂದು ಟೈಮ್ ಟೇಬಲ್

ಪ್ರವಾಸ ಹೋಗುವುದಕ್ಕಿಂತ ಪ್ರವಾಸದ ಪಟ್ಟಿ ಹಾಕುವುದರಲ್ಲೇ ನನಗೆ ಹೆಚ್ಚು ಸುಖ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆ ನೋಡಿಬರೋಣ ಎಂದು ಮನೆಯಲ್ಲಿ ಮಾತೆದ್ದ ರಾತ್ರಿಯೇ ಲ್ಯಾಪ್‌ಟಾಪ್ ತೆರೆದು ಕೂತೆ. ಎಕ್ಸೆಲ್ ಶೀಟಿನಲ್ಲಿ ಮೊದಲ ಕಾಲಂ ಚಿತ್ರದ ಹೆಸರು, ಎರಡನೆಯದು ಬರೆದವರು, ಮೂರನೆಯದು ನೋಡಬೇಕಾದ ನಿಮಿಷ. ರವಿವರ್ಮರ ಜಟಾಯುವಧೆಗೆ ಎಂಟು ನಿಮಿಷ: ಮೂರು ದೂರದಿಂದ, ಮೂರು ಹತ್ತಿರದಿಂದ, ಉಳಿದೆರಡು ತಲೆದೂಗುವುದಕ್ಕೆ. ರೋರಿಕ್ ಅಪ್ಪ-ಮಗ ಇಬ್ಬರಿಗೂ ಸೇರಿ ಆರು. ಪುಟಾಣಿ ಸೈನಿಕರಿರುವ ಫ್ರೆಂಚ್ ಗಡಿಯಾರಕ್ಕೆ ಎರಡು. ಗಡಿಯಾರ ನೋಡುವುದಕ್ಕೂ ಗಡಿಯಾರ ಹಿಡಿದುಕೊಂಡು ನಿಂತವನು ನಾನೊಬ್ಬನೇ ಇರಬೇಕು.

ಪಟ್ಟಿಯ ಹಿಂದೆ ಓದು ಬೇಡವೇ? ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ್ದು, 1897ರಲ್ಲಿ ರಾಜಕುಮಾರಿಯ ಮದುವೆ ಸಂಭ್ರಮದ ನಡುವೆ ಮರದ ಹಳೇ ಅರಮನೆ ಸುಟ್ಟುಹೋದಾಗ ರಾಜಮನೆತನ ಇಲ್ಲಿಗೆ ಬಂದು ನೆಲೆಸಿದ್ದು, 1902ರಲ್ಲಿ ನಾಲ್ವಡಿಯವರು ಅಧಿಕಾರ ವಹಿಸಿಕೊಂಡದ್ದೂ ಇಲ್ಲೇ, 1915ರಲ್ಲಿ ಇದು ಚಿತ್ರಶಾಲೆಯಾದದ್ದು — ಓದಿದ್ದನ್ನೆಲ್ಲ ರಾತ್ರಿ ಊಟದ ಜೊತೆಗೇ ಮನೆಯವರಿಗೆ ಬಡಿಸುತ್ತಾ ಹೋದೆ.

"ಎಲ್ಲಾ ಇಲ್ಲೇ ಹೇಳ್ಬಿಟ್ರೆ ಅಲ್ಲಿಗ್ಯಾಕೆ ಹೋಗ್ಬೇಕು ರೀ?" ಅಂದಳು ಹೆಂಡತಿ. ಇದು ಜಿಜ್ಞಾಸೆಯೋ ಬೇಡಿಕೆಯೋ ತಿಳಿಯಲಿಲ್ಲ.

ದಿನ ಗೊತ್ತುಮಾಡುವುದು ಹೆಣ್ಣು ನೋಡುವ ಶಾಸ್ತ್ರಕ್ಕಿಂತ ಕಷ್ಟವಾಯಿತು. ಸೋಮವಾರ ಮ್ಯೂಸಿಯಂಗಳಿಗೆ ರಜೆ ಇರಬಹುದೆಂಬ ಭಯಕ್ಕೆ ಅದನ್ನು ನಾನು ಹೊಡೆದುಹಾಕಿದೆ. ಅಮಾವಾಸ್ಯೆಯ ಹಿಂದುಮುಂದಿನ ದಿನಗಳನ್ನು ಮಾವನವರು ಹೊಡೆದರು. ದಸರಾ ಬೇಡವೆಂದು ಎಲ್ಲರೂ ಒಪ್ಪಿದೆವು; ನಮ್ಮಲ್ಲಿ ಒಮ್ಮತ ಮೂಡಿದ್ದು ಅದೊಂದಕ್ಕೇ. ಕೊನೆಗೆ ಉಳಿದದ್ದು ಒಂದು ಶನಿವಾರ. ಹಿಂದಿನ ಸಂಜೆಯೇ ರೈಲು ಹತ್ತಿ ಕುವೆಂಪುನಗರದ ಚಿಕ್ಕಮ್ಮನ ಮನೆಯಲ್ಲಿ ಇಳಿದುಕೊಂಡೆವು. ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಮನೆ ಬಿಡುವುದೆಂದು ಶೀಟಿನಲ್ಲಿ ಹಳದಿ ಬಣ್ಣ ಹಚ್ಚಿಟ್ಟಿದ್ದೆ.

ಬೆಳಿಗ್ಗೆ ಶೂ ದಾರ ಕಟ್ಟುತ್ತಿದ್ದಾಗ ಮಾವನವರು ಕ್ಯಾಲೆಂಡರಿನ ಮುಂದೆ ಕನ್ನಡಕ ಸರಿಮಾಡಿಕೊಂಡು ನಿಂತಿದ್ದರು.

"ಅಳಿಯಂದ್ರೇ, ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ."

"ಮಾವ, ನಾವು ಹೋಗ್ತಿರೋದು ಚಿತ್ರ ನೋಡೋಕೆ, ಹೆಣ್ಣು ಕೇಳೋಕಲ್ಲ."

"ಹೊರಡೋದು ಹೊರಡೋದೇ."

ನನ್ನ ಎಕ್ಸೆಲ್ಲಿನಲ್ಲಿ ರಾಹುವಿಗೆ ಕಾಲಂ ಇರಲಿಲ್ಲ. ಶೂ ಬಿಚ್ಚಿದೆ. ಸಿಕ್ಕ ಸಮಯ ಹಾಳಾಗಬಾರದೆಂದು ಚಿಕ್ಕಮ್ಮ ಇನ್ನೊಂದು ಸುತ್ತು ದೋಸೆ ಹುಯ್ದರು. ಹತ್ತೂವರೆ ಕಳೆದು ಹೊರಟ ಮೇಲೆ, ಹೆಂಡತಿಯ ಮನಸ್ಸಿನಲ್ಲೂ ಒಂದು ಪಟ್ಟಿ ಇತ್ತೆಂಬುದು ಬಯಲಾಯಿತು. ಅವಳದ್ದು ಎಲ್ಲೂ ಬರೆದಿಟ್ಟದ್ದಲ್ಲ, ಹಾಗಾಗಿ ತಿದ್ದುವಂತೆಯೂ ಇರಲಿಲ್ಲ. "ದಾರೀಲೇ ಇದೆ" ಎಂದು ದೇವರಾಜ ಮಾರುಕಟ್ಟೆ ಹೊಕ್ಕಳು. ಅಲ್ಲಿಂದ ರೇಷ್ಮೆ ಸೀರೆ. ಸೀರೆಯಂಗಡಿಯಲ್ಲಿ ಅವಳು ಒಂದೊಂದು ಸೀರೆಯನ್ನೂ ದೂರದಿಂದ ನೋಡಿ, ಹತ್ತಿರ ತಂದು ನೋಡಿ, ಬೆಳಕಿಗೆ ಹಿಡಿದು ನೋಡಿದ ರೀತಿ ಕಂಡು, ಜಟಾಯುವಿಗೆ ನಾನು ಕೊಟ್ಟ ಎಂಟು ನಿಮಿಷದ ಬಗ್ಗೆ ನನಗೇ ನಾಚಿಕೆಯಾಯಿತು.

ಚಿತ್ರಶಾಲೆ ಹೊಕ್ಕಾಗ ಸಂಜೆಯ ಇಳಿಬಿಸಿಲು. ನಲವತ್ತು ನಿಮಿಷದಲ್ಲಿ ಮುಗಿಸಬೇಕಾದ ಅವಸರಕ್ಕೆ ನಾನು ಕಾಗದ ನೋಡುತ್ತಾ ಓಡಿದೆ; ಚಿತ್ರಗಳ ಕಡೆ ತಲೆಯೆತ್ತಿದ್ದು ಕಡಿಮೆ. ರವಿವರ್ಮರನ್ನು ಟಿಕ್ ಮಾಡಿದೆ, ರೋರಿಕ್‌ರನ್ನು ಟಿಕ್ ಮಾಡಿದೆ. ಮಾವನವರು ಮಾತ್ರ ಕೈ ಹಿಂದೆ ಕಟ್ಟಿ, ಯಾವ ಗಡಿಬಿಡಿಯೂ ಇಲ್ಲದೆ ಸುತ್ತುತ್ತಿದ್ದರು.

ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ಮಾತ್ರ ಕಾಲು ತಾನಾಗಿಯೇ ನಿಂತಿತು. ಜಲವರ್ಣ. ದೀಪಕ್ಕೆ ಅಡ್ಡ ಹಿಡಿದ ಅಂಗೈಯ ಬೆರಳಂಚುಗಳು ಒಳಗಿನಿಂದಲೇ ಕೆಂಪಗೆ ಹೊಳೆಯುತ್ತಿದ್ದವು. ಮುಖಕ್ಕೆ ಹೊನ್ನಿನ ಬೆಳಕು, ಬೆನ್ನ ಹಿಂದೆ ಕತ್ತಲು. ಪಕ್ಕದಲ್ಲಿ ಹಳ್ಳಿಯಿಂದ ಬಂದ ದೊಡ್ಡ ಕುಟುಂಬವೊಂದು ನಿಂತಿತ್ತು. ಯಜಮಾನರು ಮೊಮ್ಮಗನಿಗೆ "ರವಿವರ್ಮ ಬರ್ದಿದ್ದು ಕಣೋ" ಅಂದರು.

ತಿಂಗಳಿಡೀ ಓದಿದ್ದು ಗಂಟಲಿಗೆ ಬಂತು. "ಅಲ್ಲ ಸ್ವಾಮಿ, ಇದು ಸಾವಂತವಾಡಿ ಕಡೆಯ ಎಸ್.ಎಲ್. ಹಲ್ದಂಕರ್ ಅವರದ್ದು. ರೂಪದರ್ಶಿಯಾಗಿ ನಿಂತವಳು ಅವರ ಮಗಳು ಗೀತಾ. ರವಿವರ್ಮರು 1906ರಲ್ಲೇ ತೀರಿಕೊಂಡರು, ಇದು ಬಂದದ್ದು ಎಷ್ಟೋ ದಶಕ ಕಳೆದ ಮೇಲೆ."

ಕುಟುಂಬ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿತು. ಕೈಯಲ್ಲಿ ಕಾಗದದ ಕಟ್ಟು, ಕಿವಿಯ ಮೇಲೆ ಪೆನ್ನು.

"ನಮ್ಮನೆ ಕ್ಯಾಲೆಂಡರಿನಾಗೆ ರವಿವರ್ಮ ಅಂತ್ಲೇ ಐತೆ" ಅಂದರು ಯಜಮಾನರು.

"ಕ್ಯಾಲೆಂಡರಿನವರಿಗೆ ಏನು ಗೊತ್ತು?"

"ರಾಹುಕಾಲ, ಗುಳಿಕಕಾಲ ಎಲ್ಲಾ ಕರೆಕ್ಟಾಗಿ ಹಾಕ್ತಾರಲ್ಲ?"

ಈ ತರ್ಕಕ್ಕೆ ಉತ್ತರ ಹುಡುಕುವಷ್ಟರಲ್ಲಿ ಮಾವನವರು ಬಂದರು. ಬಿಳಿ ಪಂಚೆ, ಹಣೆಯಲ್ಲಿ ಕುಂಕುಮ, ಬಾಯ್ತುಂಬ ವೀಳ್ಯ. ಯಜಮಾನರು ಕೈಮುಗಿದು, "ತಾವೇ ಹೇಳಿ ಬುದ್ಧೀ" ಅಂದರು. ಮಾವನವರು ಚಿತ್ರವನ್ನೂ, ನನ್ನನ್ನೂ ಒಮ್ಮೆ ದಿಟ್ಟಿಸಿ, "ರವಿವರ್ಮನೇ, ಅನುಮಾನ ಬೇಡ" ಎಂದು ತೀರ್ಪು ಕೊಟ್ಟರು.

ಕುಟುಂಬ ತೃಪ್ತಿಯಿಂದ ಮುಂದೆ ಸರಿಯಿತು. ಹೋಗುವಾಗ ಯಜಮಾನರು, ಪಾಪ ಹೊಟ್ಟೆಪಾಡಿಗೆ ಏನೋ ಒದರ್ತಾನೆ ಎನ್ನುವ ಕರುಣೆಯಲ್ಲಿ, ನನ್ನ ಕೈಗೆ ಇಪ್ಪತ್ತು ರೂಪಾಯಿಯ ನೋಟು ತುರುಕಿದರು. ಬೇಡವೆನ್ನುವಷ್ಟರಲ್ಲಿ ಹೆಂಡತಿ ಅದನ್ನು ಎತ್ತಿಕೊಂಡು, "ಚುರುಮುರಿಗಾಯ್ತು" ಅಂದಳು.

ಹೊರಗೆ ಬಂದ ಮೇಲೆ ಕೇಳಿದೆ: "ಮಾವ, ನಿಮಗೆ ನಿಜವಾಗಿ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ನೀವೇ ಊಟಕ್ಕೆ ಕೂತಾಗಲೆಲ್ಲ ಹೇಳಿದ್ರಲ್ಲ" ಎಂದು ಚುರುಮುರಿಯ ಪೊಟ್ಟಣ ತಮ್ಮ ಕಡೆಗೆ ಎಳೆದುಕೊಂಡರು. "ಆದ್ರೆ ಇದ್ರಲ್ಲಿ ಅರ್ಧ ನನಗೆ ಸೇರ್ಬೇಕು. ಅವರು ನಂಬಿದ್ದು ನನ್ನ ಮಾತನ್ನ."