ದೊರೆಗೊಂದು ಬಿಡದಿ

ನಮ್ಮ ಹಾಗಲವಾಡಿಯಲ್ಲಿ ನೆಂಟರು ಬಂದರೆ ಜಗಲಿ ಮೇಲೆ ಚಾಪೆ ಹಾಸುತ್ತೇವೆ, ಮುದ್ದೆಗೆ ಅವರೆಕಾಳು ಸಾರು ಮಾಡುತ್ತೇವೆ, ಅಷ್ಟಕ್ಕೇ ಬೀಗುತ್ತೇವೆ. ಪಾಳೆಯಗಾರರು ಆಳಿದ ಊರೆಂಬ ಹಮ್ಮು ಬೇರೆ. ಆತಿಥ್ಯ ಅಂದರೆ ಏನೆಂದು ತಿಳಿಯಬೇಕಾದವರು ಮೈಸೂರಿನ ಲಲಿತಮಹಲ್ ಅರಮನೆಗೆ ಹೋಗಿ ನೋಡಬೇಕು.

ಅದನ್ನು ಕಟ್ಟಲು ಹೊರಟ ಕಾಲದಲ್ಲಿ ಮೈಸೂರು ಸಂಸ್ಥಾನ ಬ್ರಿಟಿಷರಿಗೆ ವರ್ಷಕ್ಕೆ 35 ಲಕ್ಷ ರೂಪಾಯಿ ಪೊಗದಿ ಕೊಡುತ್ತಿತ್ತು. ಇಷ್ಟು ಹಣ ಎಣಿಸಿಕೊಂಡ ಮಹಾನುಭಾವರು ದಣಿದು ಬಂದಾಗ ಮಲಗುವುದೆಲ್ಲಿ? ಯುರೋಪಿಯನ್ ಅತಿಥಿಗಳಿಗೆಂದು ಮಹಾರಾಜರು ಕಟ್ಟಿಸಿದ ಮೆಟ್ರೋಪೋಲ್ ಇತ್ತು, ನಿಜ. ಆದರೆ ವೈಸ್‌ರಾಯರನ್ನು ಕಂಡಕಂಡವರ ಪಕ್ಕದ ಕೋಣೆಗೆ ತಳ್ಳುವುದುಂಟೆ? ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1921ರಲ್ಲಿ, ಚಾಮುಂಡಿ ಬೆಟ್ಟದ ಬಳಿ ಲಲಿತಮಹಲಿಗೆ ಅಡಿಗಲ್ಲು ಬಿತ್ತು. ಅಪರೂಪಕ್ಕೆ ಬರುವ ಒಬ್ಬರಿಗೆ ಇಡೀ ಅರಮನೆ! ನಮ್ಮ ಗುಬ್ಬಿ ಸೀಮೆಯ ರಾಗಿ ಹೊಲದ ಕಂದಾಯವೂ ಸಂಸ್ಥಾನದ ಖಜಾನೆಗೇ ಸೇರುತ್ತಿದ್ದುದರಿಂದ ಈ ಪುಣ್ಯದಲ್ಲಿ ನಮ್ಮ ತಾತಂದಿರಿಗೂ ಪಾಲುಂಟು. ಅವರನ್ನು ಗೃಹಪ್ರವೇಶಕ್ಕೆ ಕರೆಯದಿದ್ದುದು ಜಾಗದ ಅಭಾವದಿಂದಿರಬೇಕು.

ನಕ್ಷೆ ಬರೆದವರು ಇ. ಡಬ್ಲ್ಯು. ಫ್ರಿಚ್ಲಿ. ಗುಮ್ಮಟಕ್ಕೆ ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಮಾದರಿ. ದೊರೆಗೆ ತವರಿನ ನೆನಪಾಗಿ ಕಣ್ಣೀರು ಬರಬಾರದಲ್ಲ. ಮೆಟ್ಟಿಲಿಗೆ ಇಟಲಿಯ ಅಮೃತಶಿಲೆ. ಮೆಟ್ಟಿಲು ಬೇಡವೆಂದರೆ ಜಾಲರಿ ಬಾಗಿಲಿನ ಹಳೆಯ ಲಿಫ್ಟು, ಅದರೊಳಗೆ ಕೂರುವುದಕ್ಕೆ ಆಸನ! ಇರುವುದು ಒಂದೇ ಮಹಡಿ. ಅಷ್ಟು ಏರುವಷ್ಟರಲ್ಲೂ ಸಾಮ್ರಾಜ್ಯದ ಮಂಡಿ ನೋಯಬಾರದೆಂಬ ಮುತುವರ್ಜಿಯನ್ನು ಎಷ್ಟು ಹೊಗಳಿದರೂ ಸಾಲದು.

1947ರಲ್ಲಿ ಅತಿಥಿಗಳೇ ಹೊರಟುಹೋದರು. ಅರಮನೆ ಎದೆಗುಂದಲಿಲ್ಲ, 1974ರಲ್ಲಿ ಹೋಟೆಲಾಯಿತು. ದೊರೆಸಾನಿಯರು ಕುಣಿಯಲೆಂದು ಕಟ್ಟಿದ ಹಜಾರ ಈಗ ಊಟದ ಮನೆ. ಮುಂದೆ ಅದರ ಉಸ್ತುವಾರಿ ಕಾಡಿನಲ್ಲಿ ಆನೆ, ಹುಲಿ ತೋರಿಸುವ ಜಂಗಲ್ ಲಾಡ್ಜಸ್ ಸಂಸ್ಥೆಗೆ ಬಂತು. ಅಳಿದುಹೋದ ಜೀವಿಗಳ ಬಿಡಾರ ಕಾಯಲು ಅದಕ್ಕಿಂತ ಅನುಭವಸ್ಥರು ಯಾರು?

ವೈಸ್‌ರಾಯ್ ಹೆಸರಿನ ಸೂಟು ಇಂದಿಗೂ ಇದೆ. ದುಡ್ಡು ಕೊಟ್ಟರೆ ಕಂದಾಯ ಕಟ್ಟಿದವರ ಮೊಮ್ಮಕ್ಕಳೂ ಅಲ್ಲಿ ಕಾಲು ಚಾಚಬಹುದು. ಹಾಗಲವಾಡಿಯ ಬಂಧುಗಳೇ, ಒಮ್ಮೆ ಹೋಗಿ ಬನ್ನಿ. ತಾತನ ಕಾಲದ ಕಂದಾಯದ ರಶೀದಿಗಳನ್ನು ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ. ಅವಕ್ಕೆ ರಿಯಾಯಿತಿ ಸಿಗುವುದಿಲ್ಲ.