ಕೆಲಸವಿಲ್ಲದ ಕುಳ್ಳನಿಗೇ ಕಂಕಣಬಲ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದರಲ್ಲ ಹಿರಿಯರು, ಈ ಕಂಪ್ಯೂಟರ್ ಆಟ ಮಾಡುವವರು ಎರಡನ್ನೂ ಒಟ್ಟಿಗೇ ಮಾಡಿ ನೋಡುತ್ತಿದ್ದಾರೆ.

‘ಸ್ಟಾರ್‌ಡ್ಯೂ ವ್ಯಾಲಿ’ಯನ್ನೇ ತಗೊಳ್ಳಿ. ಎರಿಕ್ ಬರೋನ್ ಎಂಬಾತ ಒಬ್ಬನೇ ಕೂತು ಮಾಡಿ 2016ರಲ್ಲಿ ಹೊರತಂದ ಆಟ. ಹೊಲ ಉಳುತ್ತಾ ಇರಬಹುದು, ಪಕ್ಕದಲ್ಲೇ ಮಾಟಗಾತಿಯೂ ಇದ್ದಾಳೆ. ಅಲ್ಲಿ ಹೆಣ್ಣು ಕೇಳುವ ಮೊದಲು ಮನೆಯನ್ನು ಒಂದು ಸಲ ದೊಡ್ಡದು ಮಾಡಿಸಿರಬೇಕು. ವಾರಕ್ಕೆರಡು ಉಡುಗೊರೆ ಕೊಡುತ್ತಾ ಹೋದರೆ ಹೃದಯದ ಗುರುತು ಏರುತ್ತದೆ. ಎಂಟಾದಾಗ 200 ನಾಣ್ಯದ ಹೂಗುಚ್ಛ. ಹತ್ತಾದಾಗ, ಮಳೆ ಸುರಿಯುವ ದಿನವೇ ನೋಡಿಕೊಂಡು ಕಡಲತೀರಕ್ಕೆ ಹೋಗಿ, ಮುದುಕ ನಾವಿಕನೊಬ್ಬನಿಗೆ 5,000 ತೆತ್ತು ಪದಕದ ಸರ ತರಬೇಕು. ಬೇಸರ ಬಂತೋ, ಮೇಯರ್ ಮನೆಯಲ್ಲಿ 50,000 ಕಟ್ಟಿದರೆ ಸೋಡಚೀಟಿ. ಕಟ್ಟುವುದಕ್ಕಿಂತ ಬಿಚ್ಚುವುದಕ್ಕೆ ಹತ್ತು ಪಟ್ಟು! ಮೇಲೆ 30,000 ಚೆಲ್ಲಿದರೆ ಮಾಟಗಾತಿಯ ಗುಡಿಸಲಲ್ಲಿ, ಬಿಟ್ಟವಳ ತಲೆಯಿಂದ ನಿಮ್ಮ ನೆನಪನ್ನೇ ಅಳಿಸಿಹಾಕಬಹುದು. ಕೋರ್ಟಿಗೆ ಅಲೆದವರಿಗೆ ಇದು ಅಗ್ಗವೆನಿಸೀತು.

2011ರ ‘ಸ್ಕೈರಿಮ್’ನಲ್ಲಿ ಇಷ್ಟು ರಗಳೆಯೂ ಇಲ್ಲ. ಮಾರಾ ದೇವಿಯ ತಾಯಿತ ಕೊರಳಿಗೆ ಹಾಕಿಕೊಂಡು ಓಡಾಡಿದರೆ ಸಾಕು, ‘ಈತನಿಗೆ ಇನ್ನೂ ಆಗಿಲ್ಲ’ ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಮದುವೆಯಾದ ಹೆಂಡತಿ ಅಂಗಡಿ ಇಟ್ಟು ದಿನಕ್ಕೆ 100 ಚಿನ್ನದ ನಾಣ್ಯ ಕೊಡುತ್ತಾಳೆ, ಅಡುಗೆ ಮಾಡಿ ಬಡಿಸುತ್ತಾಳೆ. ಅವಳಿರುವ ಮನೆಯಲ್ಲಿ ಮಲಗಿ ಎದ್ದರೆ ಕಲಿಯುವ ವಿದ್ಯೆ ಶೇಕಡಾ 15ರಷ್ಟು ಬೇಗ ಹತ್ತುತ್ತದಂತೆ. ಇದನ್ನು ಹೇಳಿದಾಗ ನಮ್ಮ ಮನೆಯವಳು ಕೇಳಿದ್ದು ಒಂದೇ ಮಾತು: ‘ಅಡುಗೆನೂ ಮಾಡಿ, ಅಂಗಡಿನೂ ನೋಡ್ಕೊಂಡು, ಮೇಲೆ ದಿನಾ ನೂರು ಕೊಡ್ಬೇಕಾ? ಅವಳಿಗೇನು ಸಿಗುತ್ತೆ ರೀ?’ ಅದಕ್ಕೆ ಆಟದಲ್ಲೂ ಉತ್ತರವಿಲ್ಲ, ನನ್ನ ಹತ್ತಿರವೂ ಇರಲಿಲ್ಲ.

ನನಗೆ ಇಷ್ಟವಾಗುವುದು ‘ಡ್ವಾರ್ಫ್ ಫೋರ್ಟ್ರೆಸ್’. ಟಾರ್ನ್ ಮತ್ತು ಝಾಕ್ ಆಡಮ್ಸ್ ಎಂಬ ಅಮೆರಿಕದ ಅಣ್ಣತಮ್ಮಂದಿರು 2006ರಲ್ಲಿ ಹೊರಬಿಟ್ಟ ಆಟ ಇದು. ಟಾರ್ನ್ ಗಣಿತದಲ್ಲಿ ಪಿಎಚ್.ಡಿ. ಮಾಡಿದವರು. ಗಡ್ಡದ ಕುಳ್ಳರು ಬೆಟ್ಟ ಕೊರೆದು ಕೋಟೆ ಮಾಡಿಕೊಂಡು ಹೆಂಡ ಕುಡಿಯುತ್ತಾ ಬಾಳುತ್ತಾರೆ. ಇಲ್ಲಿ ಆಡುವವನಿಗೆ ಯಾರ ಮದುವೆ ಮಾಡಿಸುವ ಅಧಿಕಾರವೂ ಇಲ್ಲ. ಕೆಲಸವಿಲ್ಲದ ಕುಳ್ಳರು ಒಂದು ಕಡೆ ಸೇರಿ ಹರಟೆ ಹೊಡೆಯುತ್ತಾರೆ, ಹರಟೆ ಸ್ನೇಹವಾಗುತ್ತದೆ, ಸ್ನೇಹ ಪ್ರೇಮವಾಗುತ್ತದೆ. ಹಗಲಿರುಳು ಗುದ್ದಲಿ ಹಿಡಿದು ದುಡಿಯುವವನು ಬ್ರಹ್ಮಚಾರಿಯಾಗಿಯೇ ಉಳಿಯುತ್ತಾನೆ. ಹರಟೆಯಿಂದ ಏನು ಪ್ರಯೋಜನ ಎಂದು ಮೂಗು ಮುರಿಯುವವರು ಗಮನಿಸಬೇಕು.

ಆದರೆ ಸ್ನೇಹ ಇದ್ದಲ್ಲಿ ಸೂತಕವೂ ಇದೆಯಲ್ಲ. ಊರಿಗೆಲ್ಲ ಬೇಕಾದ ಒಬ್ಬ ಕುಳ್ಳ ಸತ್ತರೆ ಹೆಂಡತಿ ಮಕ್ಕಳ ಜೊತೆ ಗೆಳೆಯರೂ ಕುಸಿಯುತ್ತಾರೆ. ಒಬ್ಬ ತಲೆಕೆಟ್ಟು ಮೇಜು ಮುರಿಯುತ್ತಾನೆ, ಇನ್ನೊಬ್ಬನ ಮೇಲೆ ಕೈ ಮಾಡುತ್ತಾನೆ, ಆ ಇನ್ನೊಬ್ಬ ಸಾಯುತ್ತಾನೆ, ಅವನಿಗೂ ಗೆಳೆಯರಿರುತ್ತಾರೆ. ಹೀಗೆ ಒಂದು ಸಾವಿನ ಹಿಂದೆ ಇಡೀ ಕೋಟೆ ಹಾಳಾದದ್ದುಂಟು. ಹಳೇ ಆಟಗಾರರು ಇದಕ್ಕೆ ಮದ್ದು ಕಂಡುಕೊಂಡಿದ್ದರು: ಎಲ್ಲರಿಗೂ ಬಿಡುವಿಲ್ಲದಷ್ಟು ಕೆಲಸ ಹಚ್ಚುವುದು. ಗೆಳೆಯರೇ ಇಲ್ಲದಿದ್ದರೆ ಅಳುವವರು ಯಾರು? ಕಂಪನಿಗಳ ಮ್ಯಾನೇಜರುಗಳಿಗೆ ಈ ಉಪಾಯ ತಾನಾಗಿಯೇ ಹೊಳೆದಿರಬೇಕು.

ಇನ್ನೊಂದು ಮದ್ದು ಊಟದ ಮನೆ. ಆಗೆಲ್ಲ ಕುಳ್ಳರ ಮನಸ್ಸು ಲೆಕ್ಕದ ಪುಸ್ತಕ: ಗಂಡ ಸತ್ತದ್ದು ಒಂದು ಕಡೆ ಖರ್ಚು, ಭರ್ಜರಿ ಊಟ ಇನ್ನೊಂದು ಕಡೆ ಜಮಾ. ಊಟದ ಮನೆಯ ಗೋಡೆಗೆ ಶಿಲ್ಪಿಗಳು ಕೋಟೆಯ ಇತಿಹಾಸವನ್ನೇ ಕೆತ್ತುತ್ತಾರೆ, ಸಾವುಗಳನ್ನೂ ಬಿಡುವುದಿಲ್ಲ. ಹಾಗಾಗಿ ವಿಧವೆಯೊಬ್ಬಳು ತನ್ನ ಗಂಡ ಆನೆಯ ಕಾಲ್ಕೆಳಗೆ ಸಿಕ್ಕಿ ಸತ್ತ ಚಿತ್ರದ ಎದುರಿಗೇ ಕೂತು ಊಟ ಮಾಡಿ, ಕೆತ್ತನೆ ಬಹಳ ಚೆನ್ನಾಗಿದೆ ಎಂದು ಸಂತೋಷಪಡುವುದು ಸಾಧ್ಯವಿತ್ತು. ಗಣಿತದ ಡಾಕ್ಟರೇಟ್ ಎಲ್ಲಿ ಕೆಲಸಕ್ಕೆ ಬಂತು ನೋಡಿ!

2014ರಲ್ಲಿ ಅಣ್ಣತಮ್ಮಂದಿರು ಈ ಲೆಕ್ಕ ಕೈಬಿಟ್ಟು ಕುಳ್ಳರ ಸ್ವಭಾವವನ್ನೇ ಹೊಸದಾಗಿ ತಿದ್ದಿ ಬರೆದರು, ಮುಂದೆ ನೆನಪನ್ನೂ ಕೊಟ್ಟರು. ಆಗ ಶುರುವಾಯಿತು ಹೊಸ ಗೋಳು. ಕುಳ್ಳರು ಸತ್ತವರನ್ನು ನೆನೆದು ಮತ್ತೆ ಮತ್ತೆ ಕೊರಗತೊಡಗಿದರು. ಜೊತೆಗೆ, ಎಂದೋ ಮಳೆಯಲ್ಲಿ ನೆಂದದ್ದನ್ನೂ ಅಷ್ಟೇ ಭಕ್ತಿಯಿಂದ ನೆನೆದು ಕೊರಗಿದರು. ನಮ್ಮ ನೆಂಟರಲ್ಲೂ ಇಂಥವರಿದ್ದಾರೆ, ಹೆಸರು ಬೇಡ.

ಹೂಳದೆ ಬಿಟ್ಟ ಕುಳ್ಳ ದೆವ್ವವಾಗಿ ಬರುತ್ತಾನೆ. ಹೆಣ ಸಿಗದಿದ್ದರೆ ಕಲ್ಲಿನ ಮೇಲೆ ಅವನ ಹೆಸರು ಕೆತ್ತಿಸಿ ನಿಲ್ಲಿಸಬೇಕು, ಆಗಲೇ ಬಿಡುಗಡೆ. ಅದಕ್ಕೇ ಪಳಗಿದ ಆಟಗಾರರು ಹೊಸ ಕೋಟೆಯಲ್ಲಿ ಮಂಚಗಳ ಜೊತೆಜೊತೆಗೇ ಶವಪೆಟ್ಟಿಗೆಗಳನ್ನೂ ಮಾಡಿಸಿಡುತ್ತಾರೆ. ಹುಡುಗ ಹುಡುಗಿ ಇನ್ನೂ ‘ನಿಮ್ಮ ಕಡೆ ಮಳೆ ಹೇಗೆ’ ಎಂದು ಮಾತು ತೆಗೆಯುತ್ತಿರುತ್ತಾರೆ, ಆಗಲೇ ಇಬ್ಬರ ಪೆಟ್ಟಿಗೆಯೂ ರೆಡಿ.