ತಾಮ್ರದ ಮ್ಯಾಲ ಯಾವ ಬಣ್ಣ?

ಬಾಗಲಕ್ಕ ಹಚ್ಚಿ ಉಳದ ಆಯಿಲ್ ಪೇಂಟ್ ಐತಿ, ನಿನ್ನ ಸರ್ಕೀಟ್ ಹಲಗಿಗೆ ನಡೀತೈತೇನ ಅಂದ್ರಲ್ಲ ಕಾಕಾ, ಭೇಷ್ ನಡೀತೈತ್ರಿ. ಫೆರಿಕ್ ಕ್ಲೋರೈಡ್ ನೀರು ತಾಮ್ರ ತಿಂತೈತಿ, ಒಣಗಿದ ಬಣ್ಣದ ತಂಟೆಕ ಹೋಗೂದಿಲ್ಲ. ಎಲ್ಲೆಲ್ಲಿ ತಾಮ್ರ ಉಳೀಬೇಕೋ ಅಲ್ಲಲ್ಲಿ ಬಣ್ಣ ಕುಂತ್ರ ಆತು. ನಾ ಮಾಡಾಕತ್ತಿದ್ದು ಮ್ಯಾಲಿನ ಟಾಕಿ ತುಂಬಿದ್ರ ಕೂಗೂ ಸಣ್ಣ ಅಲಾರಾಂ. ಬ್ಯಾಟರಿ, ಟ್ರಾನ್ಸಿಸ್ಟರ್, ಒಂದ್ ಬಜರ್, ಇಷ್ಟ. 2 ಮಿಲಿಮೀಟರ್ ಅಗಲದ ಗೆರಿ ಸಾಕು. ಅದಕ್ಕ ನಿಮ್ಮ ಪೇಂಟೂ ಆಗತೈತಿ, ತಂಗಿ ಹಚ್ಕೊಳ್ಳೂ ಉಗುರುಬಣ್ಣಾನೂ ಆಗತೈತಿ.

ಐಸಿ ಕುಂದ್ರಿಸೂದಾದ್ರ ಮಾತ್ರ ಬ್ರಶ್ ಕೈಯಾಗ ಹಿಡೀಬಾರದು. ಅದರ ಕಾಲಿನಿಂದ ಕಾಲಿಗೆ 2.54 ಮಿಲಿಮೀಟರ್, ನಡುವ ಗೆರಿ ಹಾಯಬೇಕು. ಅಲ್ಲಿ ಟೋನರೇ ಸೈ. ಜಮಖಂಡಿಗೆ ಹೋಗಿ ನಕ್ಷೆ ತಿರುವುಮುರುವು ಮಾಡ್ಸಿ, ನುಣುಪು ಕಾಗದದ ಮ್ಯಾಲ ಲೇಸರ್ ಪ್ರಿಂಟ್ ತಗಸ್ಬೇಕು. ಶಾಯಿ ಪ್ರಿಂಟರಿನದು ನಡಿಯಂಗಿಲ್ಲ. ಟೋನರ್ ಅಂದ್ರ ಪ್ಲಾಸ್ಟಿಕ್ ಪುಡಿ, ಇಸ್ತ್ರಿ ಬಿಸಿಗೆ ಕರಗಿ ತಾಮ್ರಕ್ಕ ಅಂಟತೈತಿ. ಆಮ್ಯಾಲ ನೀರಾಗ ನೆನಸಿ ಕಾಗದ ಮೆಲ್ಲಕ ಉಜ್ಜಿ ತಗದ್ರಾತು. ಬಿಸಿಲಿಗೆ ಹಿಡದು ಮೂಡಸೂ ಫಿಲ್ಮೂ ಸಿಗತೈತಿ, ಒಂದ್ ಹಲಗಿ ಸಲುವಾಗಿ ಅದೆಲ್ಲ ಯಾಕ್ರಿ. ಮಾರ್ಕರ್ ಆದ್ರ ಪರ್ಮನೆಂಟ್ ಇರಬೇಕು, ಒಣಗಿದ ಮ್ಯಾಲ ಇನ್ನೊಂದ್ ಸಲ ತಿದ್ದಬೇಕು. ತೆಳ್ಳಗ ಬಿಟ್ರ ಗೆರಿ ನಡುನಡುವ ತೂತು ಬೀಳತೈತಿ.

ನನ್ನ ಕೇಳಿದ್ರ, ಬಣ್ಣ ಆರಿಸೂಕಿಂತ ಮದಲ ತಾಮ್ರ ತಿಕ್ಕೂದೇ ದೊಡ್ಡದು. ಬೆರಳಿನ ಜಿಡ್ಡು ಹತ್ತಿದ ಜಾಗಾದಾಗ ಎಂಥಾ ತುಟ್ಟಿ ಬಣ್ಣಾನೂ ಹಿಡಿಯೂದಿಲ್ಲ, ನೀರಾಗ ಹಾಕಿದ ಕೂಡ್ಲೇ ಪದರು ಪದರು ಏಳತೈತಿ. ಭಾಂಡೆ ತಿಕ್ಕೂ ಸೋಪು ಹಚ್ಚಿ ತಿಕ್ಕಿ, ತೊಳದು, ಹಲಗಿ ನಿಂದರಿಸಿ ನೋಡ್ರಿ. ನೀರು ಒಂದೇ ಹಾಳಿಯಂಗ ಹರಡಿತು ಅಂದ್ರ ಸ್ವಚ್ಛ. ಹನಿ ಹನಿಯಾಗಿ ಒಡೀತು ಅಂದ್ರ ಇನ್ನೂ ಜಿಡ್ಡೈತಿ, ಮತ್ತ ತಿಕ್ಕಬೇಕು. ಆಮ್ಯಾಲ ಅಂಚು ಹಿಡದಷ್ಟ, ಮೈ ಮುಟ್ಟೂದಲ್ಲ.

ಇನ್ನೊಂದು ಐತ್ರಿ. ಈ ಹಲಗಿ ಮ್ಯಾಲಿನ ತಾಮ್ರ ಸಾಮಾನ್ಯವಾಗಿ 35 ಮೈಕ್ರಾನ್ ದಪ್ಪ. ಫೆರಿಕ್ ಕ್ಲೋರೈಡ್ ನೀರು ಕೆಳಗಷ್ಟ ತಿನ್ನೂದಿಲ್ಲ, ಬಣ್ಣದ ಅಂಚಿನ ಅಡಿಗೂ ನುಗ್ಗತೈತಿ. ಬಾಳೊತ್ತು ಬಿಟ್ಟಷ್ಟೂ ಗೆರಿ ಸಣ್ಣಾಗ್ತಾವು. ಅದಕ್ಕ ನೀರು ಉಗುರುಬೆಚ್ಚಗಿಟ್ಟು, ತಟ್ಟೆ ಅಲುಗಾಡಸ್ತಾ ಲಗೂನ ಮುಗಸ್ಬೇಕು. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಬೇಕೇ ಬೇಕು.

ಉಳದ ನೀರು ಗಟಾರಕ್ಕ ಚೆಲ್ಲೂದಿಲ್ರಿ. ಅದರಾಗ ಕರಗಿದ ತಾಮ್ರ ಮೀನಿಗೆ ವಿಷ, ನಮ್ಮೂರ ಗಟಾರ ಕಡೀಕ ಹರಿಯೂದು ಕೃಷ್ಣಾ ಹೊಳಿ ಕಡೆನ. ಇನ್ನೊಂದ್ ಹಲಗಿಗೂ ಅದೇ ನೀರು ಬರತೈತಿ, ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮ್ಯಾಲ ಹೆಸರು ಬರದು ಹುಡುಗರ ಕೈಗೆ ನಿಲುಕದಂಗ ಇಡ್ತೀನಿ. ಚಿಗವ್ವನ ಕಡೆ ಹಳೇ ಪ್ಲಾಸ್ಟಿಕ್ ತಟ್ಟೆ ಇದ್ರ ಕೊಡಸ್ರಿ. ಸ್ಟೀಲಿಂದು ಬ್ಯಾಡ, ಅದನ್ನೂ ತಿಂದು ತೂತು ಮಾಡತೈತಿ.